ದುಗ್ಗಲೆಯ ಹಿತ್ತಲಿನ ನೆರಳು

ಓದುವ ಹಿರಿಯರಿಗೆ ಮೊದಲು ನನ್ನ ನಮಸ್ಕಾರ. ನನ್ನ ಅಕ್ಷರ ನೆಟ್ಟಗಿಲ್ಲ. ಸಾಲುಗಳು ಕಾಗದದ ಅಂಚನ್ನು ಮುಟ್ಟುವಷ್ಟರಲ್ಲಿ ಕೆಳಗೆ ಜಾರುತ್ತವೆ. ಶಾಲೆಯ ಮೆಟ್ಟಿಲನ್ನು ಹೆಚ್ಚು ತುಳಿದವಳಲ್ಲ. ಕತೆ ಬರೆಯುತ್ತಿರುವುದೂ ಇದೇ ಮೊದಲು. ಮಾತು ಒರಟಾಗಿ ಕಂಡಲ್ಲಿ ಅದನ್ನು ನನ್ನ ಅರಿವಿನ ಕೊರತೆಯೆಂದು ತಿಳಿದು, ಕತೆಯನ್ನು ಮಾತ್ರ ಮನಸ್ಸಿಗೆ ತೆಗೆದುಕೊಳ್ಳಬೇಕಾಗಿ ಕೇಳಿಕೊಳ್ಳುತ್ತೇನೆ.

ಬಹಳ ಹಿಂದೆ, ಮೋಡಗಳು ಅಪ್ಪಣೆ ಕೇಳಿ ಊರೊಳಗೆ ಬರುತ್ತಿದ್ದ ಕಾಲದಲ್ಲಿ, ಸುರಹೊನ್ನೆ ಎಂಬ ರಾಜ್ಯವಿತ್ತು. ಆ ರಾಜ್ಯದ ಜನರಿಗೆ ತಮ್ಮ ಮರ್ಯಾದೆಯ ನಡತೆಯ ಮೇಲೆ ಬಹಳ ಹೆಮ್ಮೆ. ಮನೆಗೆ ಬಂದವರನ್ನು ಅವರು ಎಂದೂ ಇಲ್ಲವೆಂದು ಕಳುಹಿಸುತ್ತಿರಲಿಲ್ಲ. ಬಂದವರ ವಿಷಯವನ್ನು ಅವರು ಹೋದ ಮೇಲೆ ಆಡಿಕೊಳ್ಳುತ್ತಿರಲಿಲ್ಲ. ಬಂದವರಿಗೆ, ಎದ್ದು ಹೋಗು ಎಂಬ ಮಾತನ್ನಂತೂ ಅಲ್ಲಿ ಯಾರೂ ಆಡಿದ್ದಿಲ್ಲ, ಯಾರೂ ಕೇಳಿದ್ದಿಲ್ಲ.

ಆ ರಾಜ್ಯದ ಕುಂಬಳಗೇರಿಯಲ್ಲಿ ದುಗ್ಗಲೆ ಎಂಬ ಹೆಂಗಸು ಇದ್ದಳು. ತಂದೆತಾಯಿ ತೀರಿದ ಮನೆಯಲ್ಲಿ ತಂಗಿ ಪದುಮಲೆಯನ್ನು ಸಾಕಿ, ಬೆಳೆಸಿ, ಮದುವೆ ಮಾಡಿ ಕಳುಹಿಸಿದವಳು ಅವಳೇ. ಸಿಟ್ಟು ಅವಳ ಮೂಗಿನ ತುದಿಯಲ್ಲಿಯೇ ಇತ್ತು. ಆದರೆ ಬಂದವರ ಮುಂದೆ ಸಿಡುಕುವುದು ಆ ರಾಜ್ಯದಲ್ಲಿ ಸಲ್ಲದ ಕಾರಣ, ಹುಟ್ಟಿದಾಗಿನಿಂದಲೂ ಅವಳು ಸಿಟ್ಟನ್ನು ನುಂಗುತ್ತಲೇ ಬಂದಿದ್ದಳು.

ಆ ವರ್ಷ ಪದುಮಲೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬರುವವಳಿದ್ದಳು. ದಿನ ತುಂಬುವುದು ಕಡುಬೇಸಿಗೆಯಲ್ಲಿ. ಒಳಮನೆಯೋ ಒಲೆಯ ಹೊಗೆಯಿಂದ ಕುದಿಯುವಂಥದ್ದು. ಹಿತ್ತಲಿನಲ್ಲಿ ಬೂದಿಯ ಗುಡ್ಡೆ, ಒಡೆದ ಮಡಕೆ, ನೆಗ್ಗಿಲುಮುಳ್ಳು, ಪಾತ್ರೆ ಉಜ್ಜುವ ಕಲ್ಲು. ಅದನ್ನು ನೋಡಿ ದುಗ್ಗಲೆ ಸೆರಗು ಬಿಗಿದಳು. ಚಳಿಗಾಲವೆಲ್ಲ ದುಡಿದಳು. ಮುಳ್ಳು ಕಿತ್ತು, ಬೂದಿಯನ್ನು ಬೇರುಗಳಿಗೆ ಸುರಿದಳು. ಬಿದಿರು ನೆಟ್ಟು ಚಪ್ಪರ ಕಟ್ಟಿ, ಒಂದು ಕಡೆಯಿಂದ ಸೋರೆಬಳ್ಳಿಯನ್ನೂ ಇನ್ನೊಂದು ಕಡೆಯಿಂದ ಮಲ್ಲಿಗೆಬಳ್ಳಿಯನ್ನೂ ಹಬ್ಬಿಸಿದಳು. ಬಚ್ಚಲಿನ ನೀರು ವ್ಯರ್ಥವಾಗದಂತೆ ಬಳ್ಳಿಯ ಬುಡಕ್ಕೆ ಕಾಲುವೆ ತೋಡಿದಳು. ನೆಲವನ್ನು ಕೆಮ್ಮಣ್ಣಿನಿಂದ ಬಡಿದು ಸಗಣಿಯಿಂದ ಸಾರಿಸಿದಳು. ಬಸುರಿಯ ಬೆನ್ನಿಗೆ ಹಿತವಾಗುವಂತೆ, ಓರೆಯಾಗಿ ಒರಗುವ ಕಲ್ಲುಹಾಸು ಹಾಕಿದಳು. ಒದ್ದೆ ಮರಳಿನಲ್ಲಿ ಕೊಡ ಹೂತು, ನೀರಿಗೆ ಲಾವಂಚದ ಬೇರು ಬಿಟ್ಟಳು. ಪಡುವಣದ ಬಿಸಿಲು ಬರುವ ಕಡೆಗೆ ಲಾವಂಚದ ತಟ್ಟಿ ಇಳಿಬಿಟ್ಟು, ಅದಕ್ಕೆ ನೀರು ಚಿಮುಕಿಸಿದಳು.

ಪದುಮಲೆ ಬಂದು ಕಲ್ಲಿಗೆ ಒರಗಿ ಕಾಲು ಚಾಚಿದಳು. ಕಣ್ಣು ಮುಚ್ಚಿ, "ಅಕ್ಕಾ, ಇನ್ನು ನನ್ನನ್ನು ಎಬ್ಬಿಸಬೇಡ. ಮಗುವನ್ನೂ ಇಲ್ಲಿಯೇ ಹೆರುತ್ತೇನೆ, ಮುದುಕಿಯೂ ಇಲ್ಲಿಯೇ ಆಗುತ್ತೇನೆ" ಎಂದಳು.

"ನಿನ್ನ ಗಂಡ ಬಂದು ಕೇಳಿದರೆ?"

"ಅವರೂ ಬಂದು ನೀರು ಸೇದಲಿ."

ಇಬ್ಬರೂ ನಕ್ಕರು. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು.

ನಡುಹಗಲಿನ ಹೊತ್ತು. ಒಣಗಿದ ತೊಗಟೆಯಂಥ ಮೈಯ ಒಬ್ಬ ಮನುಷ್ಯ ನಿಂತಿದ್ದನು. ಅವನ ಕಾಲ ಬಳಿ ಅವನ ನೆರಳು ಇರಲಿಲ್ಲ. ದುಗ್ಗಲೆ ಅದನ್ನು ಕಂಡಳು. ಆದರೆ ಅತಿಥಿಯ ಕಾಲನ್ನು ದಿಟ್ಟಿಸಿ ನೋಡುವುದು ಸರಿಯಲ್ಲವೆಂದು ಕಣ್ಣು ತಿರುಗಿಸಿದಳು. ಪಾನಕ ಕೊಟ್ಟಳು. ಅವನು ಕುಡಿದು, ಚಪ್ಪರವನ್ನು ನೋಡಿ, "ಎಷ್ಟು ತಂಪಾದ ಜಾಗ! ಇದು ಯಾರದಮ್ಮ?" ಎಂದು ಕೇಳಿದನು.

ಆ ರಾಜ್ಯದಲ್ಲಿ ಈ ಪ್ರಶ್ನೆಗೆ ಇದ್ದುದು ಒಂದೇ ಉತ್ತರ. ಹಾಲುಗಲ್ಲದ ಮಗುವಿಗೂ ಅದನ್ನು ಕಲಿಸಿರುತ್ತಿದ್ದರು.

"ನಿಮ್ಮದೇ ಎಂದುಕೊಳ್ಳಿ" ಎಂದಳು ದುಗ್ಗಲೆ.

"ಸಂತೋಷ" ಎಂದನು ಅವನು. ಬಗ್ಗಿ, ನೆರಳಿನ ಒಂದು ಮೂಲೆಯನ್ನು ಉಗುರಿನಿಂದ ಎತ್ತಿ, ಚಾಪೆಯನ್ನು ಸುತ್ತುವಂತೆ ಸುತ್ತಿ, ಹೆಗಲಿಗೆ ಏರಿಸಿಕೊಂಡು ಹೊರಟುಹೋದನು. ಬಳ್ಳಿ ಇದ್ದಲ್ಲಿಯೇ ಇತ್ತು. ಎಲೆಗಳು ಇದ್ದಲ್ಲಿಯೇ ಇದ್ದವು. ಬಿಸಿಲು ಮಾತ್ರ ಅವುಗಳ ನಡುವೆ ತಡೆಯೇ ಇಲ್ಲದಂತೆ ನೇರವಾಗಿ ಪದುಮಲೆಯ ಮುಖದ ಮೇಲೆ ಬಿದ್ದಿತು.

ದುಗ್ಗಲೆ ಪಕ್ಕದ ಮನೆಯ ಸೋಮಜ್ಜಿಯನ್ನು ಕೂಗಿದಳು. ಅಜ್ಜಿ ಬೇಲಿಯ ಬಳಿ ಬಂದು ತಲೆ ತಗ್ಗಿಸಿದಳು. ಅವಳ ಬೇವಿನಮರದ ಕೆಳಗೂ ನೆರಳಿರಲಿಲ್ಲ.

"ನಿನ್ನದನ್ನು ಯಾವಾಗ ಕೊಂಡುಹೋದ?"

"ನಿನ್ನೆ, ತಾಯಿ. ಅವನು ಮಾಂತ್ರಿಕ ಶುಷ್ಕಕೇತು. ಅರಮನೆಯಲ್ಲಿ ದೊರೆಯ ಅತಿಥಿಯಾಗಿದ್ದಾನೆ. ಕೇರಿಯಲ್ಲಿ ಎಲ್ಲರದೂ ಹೋಯಿತು."

"ನಿನ್ನೆಯೇ ಒಂದು ಮಾತು ಹೇಳಬಾರದಿತ್ತೇ ಅಜ್ಜಿ? ಬೇಲಿಗೆ ಬಾಯಿಟ್ಟು ಕೂಗಿದ್ದರೆ ಸಾಕಿತ್ತಲ್ಲ!"

"ಬಂದವರನ್ನು ಹೇಗೆ ದೂರುವುದು ಮಗಳೇ? ನಾಲ್ಕು ಜನ ಏನೆಂದುಕೊಂಡಾರು?"

ದುಗ್ಗಲೆಯ ಮೈ ಉರಿಯಿತು. ಒಂದು ಚಳಿಗಾಲದ ದುಡಿಮೆಯನ್ನು ಅವನು ಹೆಗಲಿಗೇರಿಸಿಕೊಂಡು ಹೋದದ್ದಕ್ಕೆ ಉರಿಯಿತು. ಅದನ್ನು ತಾನೇ ತನ್ನ ಬಾಯಿಂದ ಒಪ್ಪಿಸಿಕೊಟ್ಟದ್ದಕ್ಕೆ ಇನ್ನೂ ಹೆಚ್ಚು ಉರಿಯಿತು. ಸಂಜೆಯೊಳಗೆ ಪದುಮಲೆಯ ತುಟಿ ಬಿರಿಯಿತು, ಮೈ ಕಾದ ಹಂಚಾಯಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಮಗು ಅಲುಗುವುದು ಕಡಿಮೆಯಾಗಿದೆ. ಈ ಬೇಗೆಯಲ್ಲಿ ತಾಯಿಯೂ ಉಳಿಯಲಾರಳು, ಕೂಸೂ ಉಳಿಯಲಾರದು. ಔಷಧ ನನ್ನಲ್ಲಿಲ್ಲ. ನೆರಳು ಬೇಕು" ಎಂದಳು.

"ತರುತ್ತೇನೆ" ಎಂದಳು ದುಗ್ಗಲೆ. ಬೆಳಕು ಹರಿಯುವ ಮೊದಲೇ ಒಂದು ಕೊಡ ನೀರು ಹೊತ್ತು ಅರಮನೆಯ ದಾರಿ ಹಿಡಿದಳು.

ಬತ್ತಿದ ಕೆರೆಯ ಏರಿಯ ಮೇಲೆ ಗುಡ್ಡದಂಥ ಒಂದು ಕೋಣ ದಾರಿಗೆ ಅಡ್ಡಲಾಗಿ ಮಲಗಿತ್ತು. ಅದರ ಸುತ್ತ ಕಡ್ಡಿಗಳಂತೆ ಒಣಗಿದ ಮನುಷ್ಯರು ನಿಂತಿದ್ದರು. ಅವರ ಕೈಯಲ್ಲಿ ಬರಿದಾದ ಕೊಡಗಳು ಹಾಗೆಯೇ ಇದ್ದವು.

"ಅಕ್ಕಾ, ಬಾಯಾರಿದೆ" ಎಂದಿತು ಕೋಣ.

ದುಗ್ಗಲೆ ನೀರು ಕೊಟ್ಟಳು. "ಇನ್ನೂ ಸ್ವಲ್ಪ" ಎಂದಿತು. ಮತ್ತೆ ಕೊಟ್ಟಳು. "ಇನ್ನೂ ಸ್ವಲ್ಪ" ಎಂದಿತು. ಅವಳ ನಾಲಿಗೆ ಒಣಗತೊಡಗಿತು. ಬೆರಳ ತುದಿಗಳು ಸೌದೆಯಂತೆ ಬಿರುಸಾದವು. ಅವಳು ಕೊಡವನ್ನು ಸೊಂಟಕ್ಕೆ ಎತ್ತಿಕೊಂಡಳು.

"ಸಾಕು."

"ಸಾಕೆನ್ನಬೇಕಾದವನು ಕುಡಿಯುವವನು" ಎಂದು ಕೋಣ ಗುಟುರು ಹಾಕಿತು. "ಇಷ್ಟೂ ಮರ್ಯಾದೆ ಕಲಿಸಲಿಲ್ಲವೇ ನಿನ್ನ ತಾಯಿ?"

"ನನ್ನ ತಾಯಿಯ ಸುದ್ದಿಗೆ ಬಂದರೆ ಕೊಂಬು ಮುರಿದು ಕೈಗೆ ಕೊಡುತ್ತೇನೆ. ಹೊತ್ತು ತಂದವಳು ನಾನು. ಸಾಕೆನ್ನುವವಳೂ ನಾನೇ!"

ಅಂಥ ಮಾತನ್ನು ಎಂದೂ ಕೇಳಿರದ ಕೋಣ ಗಾಳಿ ಹೋದ ತಿದಿಯಂತೆ ಕುಗ್ಗಿ, ಕರುವಾಗಿ, ದಾರಿ ಬಿಟ್ಟು ಓಡಿತು.

ಮುಂದೆ ಅರಮನೆಯ ಹೊರಬಾಗಿಲು. ಅದರ ಮೇಲೆ ಒಂದು ಹೊನ್ನಿನ ನವಿಲು ಗರಿಬಿಚ್ಚಿ ಕುಳಿತಿತ್ತು. ಅದು ಗರಿಬಿಚ್ಚಿದಷ್ಟೂ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಕೆಳಗೆ ಒಂದಷ್ಟು ಹೆಂಗಸರು ಹಲ್ಲು ಬಿಟ್ಟು ನಗುತ್ತ ನಿಂತಿದ್ದರು. ನಗು ಹಾಗೆಯೇ ಅಂಟಿಕೊಂಡು, ಅವರ ಕಣ್ಣುಗಳಿಂದ ಮಾತ್ರ ನೀರು ಇಳಿಯುತ್ತಿತ್ತು.

"ಇದೇನು ಮುಖವಮ್ಮ, ಹುಳಿ ತಿಂದಂತೆ!" ಎಂದಿತು ನವಿಲು. "ಹೆಣ್ಣಿಗೆ ಇಷ್ಟು ಸಿಟ್ಟು ಶೋಭೆಯಲ್ಲ. ಎಲ್ಲಿ, ಒಂದಿಷ್ಟು ನಗು. ಬಾಗಿಲು ತೆರೆಯುತ್ತೇನೆ."

ದುಗ್ಗಲೆಯ ತುಟಿ ಅಭ್ಯಾಸದ ಬಲದಿಂದ ಅರೆಬಿರಿಯಿತು. ಆಗ ಅವಳಿಗೆ ತಂಗಿಯ ಬಿರಿದ ತುಟಿ ನೆನಪಾಯಿತು. ಅವಳು ಹಲ್ಲು ಕಚ್ಚಿದಳು.

"ನಗುವುದಿಲ್ಲ. ನನ್ನ ತಂಗಿ ಬೇಯುತ್ತಿದ್ದಾಳೆ. ನಿನಗೆ ನಗು ಬೇಕೇ? ನಿನ್ನ ಗರಿಯನ್ನು ನೋಡಿ ನೀನೇ ನಕ್ಕುಕೋ!"

ನವಿಲು ಕಾದಿತು. ದುಗ್ಗಲೆ ದುರುಗುಟ್ಟಿ ನೋಡುತ್ತಲೇ ನಿಂತಳು. ಪರರ ನಗುವಿನಿಂದಲೇ ನೆಟ್ಟಗೆ ನಿಂತಿದ್ದ ಗರಿಗಳು ಒಂದೊಂದಾಗಿ ಉದುರಿದವು. ಕೊನೆಗೆ ಬೋಳು ಹಕ್ಕಿಯೊಂದು ನಾಚಿ ಗೋಡೆಯ ಆಚೆ ಹಾರಿತು. ಬಾಗಿಲು ತಾನಾಗಿ ತೆರೆಯಿತು.

ಒಳಬಾಗಿಲಿನಲ್ಲಿ ಒಂದು ಸಿಂಹ ಕುಳಿತಿತ್ತು. ಅದರ ದನಿ ಜೇನಿನಂತಿತ್ತು. "ಬನ್ನಿ, ಬನ್ನಿ. ಕೊಂಚ ತಾಳಿ. ಇನ್ನೇನು ಕರೆಯುತ್ತಾರೆ."

ಅಂಗಳದಲ್ಲಿ ಸಾಲುಸಾಲಾಗಿ ಕಲ್ಲಿನ ಕಂಬಗಳಿದ್ದವು. ಪ್ರತಿಯೊಂದು ಕಂಬಕ್ಕೂ ಮುಗಿದ ಎರಡು ಕೈಗಳಿದ್ದವು. ತಾಳುತ್ತ ತಾಳುತ್ತ ಕಲ್ಲಾದವರು ಅವರು.

"ತಾಳುವುದಿಲ್ಲ" ಎಂದು ದುಗ್ಗಲೆ ಮುಂದಕ್ಕೆ ನಡೆದಳು. ಜೇನಿನ ದನಿ ಘರ್ಜನೆಯಾಯಿತು. ಸಿಂಹ ಮೇಲೆರಗಿ ಅವಳ ಹೆಗಲನ್ನು ಪರಚಿತು. ರವಿಕೆ ನೆತ್ತರಿನಿಂದ ತೊಯ್ದಿತು. ಆದರೂ ಅವಳು ಓಡಲಿಲ್ಲ, ನಿಲ್ಲಲೂ ಇಲ್ಲ. ನಿಂತವರನ್ನು ಮಾತ್ರ ಕೊಲ್ಲಬಲ್ಲ ಆ ಮೃಗ, ನಡೆಯುವವಳ ಬೆನ್ನನ್ನು ನೋಡುತ್ತ ಅಲ್ಲಿಯೇ ಕುಸಿಯಿತು.

ಅರಮನೆಯ ತೋಟದೊಳಗೆ ಕಾಲಿಟ್ಟಾಗ ದುಗ್ಗಲೆಯ ಹಲ್ಲು ಕಟಕಟಿಸಿದವು. ರಾಜ್ಯದ ಎಲ್ಲ ಹಿತ್ತಲುಗಳ ನೆರಳೂ ಅಲ್ಲಿ ಒಂದರ ಮೇಲೊಂದು ಹಾಸಿಕೊಂಡು ಬಿದ್ದಿತ್ತು. ಹಗಲಿನಲ್ಲಿಯೇ ಕತ್ತಲು. ಬೇಸಿಗೆಯಲ್ಲಿಯೇ ಹುಲ್ಲಿನ ಮೇಲೆ ಮಂಜು. ಆ ರಾಶಿಯ ಮೇಲೆ ಶುಷ್ಕಕೇತು ಕಾಲು ಚಾಚಿ ಒರಗಿದ್ದನು. ಪಕ್ಕದಲ್ಲಿ ದೊರೆ ಜಯಕೀರ್ತಿ ಕಂಬಳಿ ಹೊದ್ದು ನಡುಗುತ್ತ ಕುಳಿತಿದ್ದನು.

"ದೊರೆಯೇ, ಇವನನ್ನು ಏಕೆ ಇಟ್ಟುಕೊಂಡಿದ್ದೀಯೆ?"

"ಅತಿಥಿಯಮ್ಮ" ಎಂದನು ದೊರೆ, ಮೂಗು ಒರೆಸಿಕೊಳ್ಳುತ್ತ. "ಒಂದು ಮಧ್ಯಾಹ್ನ ಇರುತ್ತೇನೆಂದು ಬಂದರು. ವರ್ಷಗಳಾದವು. ಬಾಯಿಬಿಟ್ಟು ಹೇಗೆ ಹೇಳಲಿ? ನನಗೂ ನೆಗಡಿ ಬಿಡುತ್ತಿಲ್ಲ."

"ಊರು ಬೇಯುತ್ತಿರುವಾಗ ನಿನಗೆ ನೆಗಡಿ!" ಎಂದು ದುಗ್ಗಲೆ ಅಬ್ಬರಿಸಿದಳು. ದೊರೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡನು.

ಮಾಂತ್ರಿಕನು ನಕ್ಕನು. "ನನಗೆ ಹುಟ್ಟಿನಿಂದಲೇ ನೆರಳಿಲ್ಲ. ಕದಿಯಲಿಲ್ಲ ನಾನು, ಕೇಳಿದೆ, ಕೊಟ್ಟಿರಿ. ನೀನೂ ಕೊಟ್ಟೆ. ಆದರೂ ಇಲ್ಲಿಯವರೆಗೆ ಬಂದ ಮೊದಲನೆಯವಳು ನೀನು. ನಿನ್ನ ನೆರಳನ್ನು ನೀನು ಕೊಂಡುಹೋಗು. ತಂಗಿ ಬದುಕಲಿ. ಒಂದೇ ಮಾತು: ಸದ್ದಿಲ್ಲದೆ ಹೋಗಬೇಕು, ಉಳಿದವರಿಗೆ ಹೇಳಬಾರದು."

ತಂಗಿಯ ಮುಖ ದುಗ್ಗಲೆಯ ಕಣ್ಣ ಮುಂದೆ ಬಂದಿತು. ಕೈ ನೀಡಿದರೆ ಸಾಕು. ಸಂಜೆಯೊಳಗೆ ಪದುಮಲೆ ತಂಪಿನಲ್ಲಿರುತ್ತಾಳೆ. ಅವಳು ಕೈ ನೀಡಿಯೂ ನೀಡಿದಳು. ಆಗ ಬೆರಳಿಗೆ ಬೇರೊಂದು ನೆರಳಿನ ಅಂಚು ತಾಕಿತು. ಒರಟು, ಕಹಿ ವಾಸನೆ. ಸೋಮಜ್ಜಿಯ ಬೇವು. ಅದರ ಕೆಳಗೆ ಯಾರದೋ ಹುಣಸೆ, ಯಾರದೋ ಹಾಗಲಬಳ್ಳಿ, ಯಾರೋ ಬಡವರ ಹರಕು ತಡಿಕೆಯ ತೂತುತೂತಾದ ನೆರಳು. ಅದನ್ನೂ ಬಿಟ್ಟಿರಲಿಲ್ಲ ಇವನು. ಸೋಮಜ್ಜಿ ಸುಮ್ಮನಿದ್ದಳೆಂದು ನಿನ್ನೆ ತಾನು ಉರಿದೆದ್ದದ್ದು ನೆನಪಾಗಿ, ದುಗ್ಗಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಏಳು" ಎಂದಳು.

"ಏನೆಂದೆ?"

"ಎದ್ದು ಹೋಗು ಎಂದೆ."

ಕಂಬಳಿಯೊಳಗಿಂದ ದೊರೆ "ಅಯ್ಯಯ್ಯೋ" ಎಂದನು. ಶುಷ್ಕಕೇತುವಿನ ಮುಖ ಬಿಳಿಚಿತು. ಆದರೂ ಅವನು ಅಲುಗಲಿಲ್ಲ.

"ಆ ಮಾತನ್ನು ಮನೆಯವರು ಹೇಳಬೇಕು. ಇದು ದೊರೆಯ ಮನೆ. ನೀನು ಯಾರು?"

"ಕೆಳಗೆ ನೋಡು" ಎಂದಳು ದುಗ್ಗಲೆ. "ಎಲ್ಲಕ್ಕಿಂತ ಮೇಲೆ ಹಾಸಿಕೊಂಡು ಕುಳಿತಿದ್ದೀಯಲ್ಲ, ಅದು ಸೋರೆಯ ಎಲೆ, ಮಲ್ಲಿಗೆಯ ಎಲೆ. ನನ್ನ ಚಪ್ಪರ. ನೀನು ಕುಳಿತಿರುವುದು ನನ್ನ ಹಿತ್ತಲಿನಲ್ಲಿ. ನಾನೇ ಮನೆಯವಳು. ನಿನ್ನದೇ ಎಂದುಕೋ ಎಂದವಳೂ ನಾನೇ. ಕೂರಲು ಹೇಳಿದ ಮಾತು ಅದು, ಸುತ್ತಿಕೊಂಡು ಹೋಗಲು ಅಲ್ಲ. ಕುಳಿತದ್ದು ಸಾಕು. ಏಳು ಮೇಲಕ್ಕೆ!"

ಶುಷ್ಕಕೇತು ಎದ್ದನು. ಏಳದಿರಲು ಅವನಿಂದ ಆಗಲಿಲ್ಲ. ಅವನ ಭಾರ ಇಳಿದದ್ದೇ ತಡ, ನೆರಳುಗಳು ಕೊಕ್ಕರೆಯ ಹಿಂಡಿನಂತೆ ಪಟಪಟನೆ ಮೇಲೆದ್ದು, ತಮ್ಮ ತಮ್ಮ ಹಿತ್ತಲುಗಳ ಕಡೆಗೆ ಹಾರಿದವು. ತೋಟಕ್ಕೆ ಬಿಸಿಲು ನುಗ್ಗಿತು. ಒಣ ತೊಗಟೆಯಂಥ ಆ ಮೈ ಬಿರಿದು, ಪುಡಿಯಾಗಿ, ಗಾಳಿಗೆ ಹೋಯಿತು. ಕಲ್ಲಿನ ಕಂಬಗಳು ಕೈ ಕೊಡವಿ ಮನುಷ್ಯರಾದವು. ಅಂಟಿದ ನಗು ಕಳಚಿ, ಹೆಂಗಸರು ಮನದಣಿಯೆ ಬೈದರು. ಕೆರೆಯ ಏರಿಯ ಒಣ ಕಡ್ಡಿಗಳು ಮೈದುಂಬಿ ಮನೆಗೆ ನಡೆದವು.

ದುಗ್ಗಲೆ ಮನೆ ಮುಟ್ಟುವಷ್ಟರಲ್ಲಿ ಹಿತ್ತಲಿನಿಂದ ಕೂಸಿನ ಅಳು ಕೇಳಿತು. ಚಪ್ಪರದ ಕೆಳಗೆ, ಲಾವಂಚದ ತಟ್ಟಿಯ ಮರೆಯಲ್ಲಿ, ಪದುಮಲೆ ಹೆಣ್ಣುಮಗುವನ್ನು ಹೆತ್ತಿದ್ದಳು. ಕೂಸು ಕೆಂಪಗೆ, ಮುಷ್ಟಿ ಬಿಗಿದು, ಊರು ಕೇಳುವಂತೆ ಚೀರುತ್ತಿತ್ತು. "ನಿನ್ನ ಹಾಗೆಯೇ ಇದೆಯಲ್ಲ ಅಕ್ಕಾ!" ಎಂದಳು ಪದುಮಲೆ. ಸೋಮಜ್ಜಿ ದುಗ್ಗಲೆಯ ಹೆಗಲಿಗೆ ಅರಿಶಿನ ಒತ್ತುತ್ತ ಅತ್ತಳು.

ಮರುದಿನ ದೊರೆ ಜಯಕೀರ್ತಿ ಕಂಬಳಿಯಿಲ್ಲದೆ ನಡೆದು ಬಂದು ಕ್ಷಮೆ ಕೇಳಿದನು. ದುಗ್ಗಲೆಯ ಸಿಟ್ಟು ಇಳಿದಿರಲಿಲ್ಲ. ಅವಳು ಕೊಡವನ್ನು ಅವನ ಕೈಗಿತ್ತು, "ಕೇರಿಯ ಬಳ್ಳಿಗಳೆಲ್ಲ ಬಾಡಿವೆ. ಬಾವಿ ಅಲ್ಲಿದೆ" ಎಂದಳು. ದೊರೆ ಆ ಬೇಸಿಗೆಯುದ್ದಕ್ಕೂ ನೀರು ಹೊತ್ತನು. ಅವನ ನೆಗಡಿಯೂ ವಾಸಿಯಾಯಿತು. ಪ್ರತಿ ಮಧ್ಯಾಹ್ನ, ಕೂಸು ತೊಟ್ಟಿಲಿನಲ್ಲಿ ಮಲಗಿದ ಮೇಲೆ, ದುಗ್ಗಲೆ ಕಲ್ಲಿಗೆ ಬೆನ್ನು ಕೊಟ್ಟು ಕಾಲು ಚಾಚುತ್ತಿದ್ದಳು. ಒಳಗಿನಿಂದ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಸುರಹೊನ್ನೆಯ ಎಲ್ಲರೂ ತಮ್ಮ ತಮ್ಮ ಹಿತ್ತಲಿನ ತಂಪಿನಲ್ಲಿ ಬಹುಕಾಲ ಸುಖವಾಗಿ ಬಾಳಿದರು.

ಇಲ್ಲಿಗೆ ಕತೆ ಮುಗಿಯಿತು. ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಮನ್ನಿಸಬೇಕು.