ತೆರೆಯದ ಮೂರು ಮೇಲ್‌ಗಳು

"ಇಲ್ಲಿ ಈ ಮೇಲ್ ಕಳಿಸೋ ಮಹಾತಾಯಿ ಯಾರು?"

ಬಾಗಿಲಲ್ಲಿ ನಿಂತವನ ಮಾತಿಗೆ ಸಿಹೆಮ್ ತಲೆಯೆತ್ತಿದಳು. ಮೂವತ್ತರ ಆಸುಪಾಸಿನವನು. ಕೈಯಲ್ಲಿ ಫೋನು, ಮುಖದಲ್ಲಿ ಗಂಟು. ನಾಬೆಲ್ ಊರಿನ ಹೆಂಗಸರ ಸಂಘಕ್ಕೆ, ಅವರೇ ಇಳಿಸುವ ಕಿತ್ತಳೆ ಹೂವಿನ ನೀರು ಕೊಳ್ಳಲು ಬರುವವರು ಸಾಮಾನ್ಯವಾಗಿ ನಗುತ್ತಲೇ ಬರುತ್ತಿದ್ದರು.

"ನಾನೇ. ಏನಾಗ್ಬೇಕಿತ್ತು?"

"ಒಂಬತ್ತು ದಿನಕ್ಕೆ ಹನ್ನೊಂದು ಮೇಲ್ ಕಳ್ಸಿದೀರ. ನಾನು ತಗೊಂಡಿದ್ದು ಎರಡೇ ಬಾಟ್ಲಿ."

ಅವನ ಹೆಸರು ಹಾತೆಮ್. ಸೂಸ್ ಪಟ್ಟಣದ ಕಾಲೇಜೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ತಂಗಿಯ ಮದುವೆಗೆಂದು ಬೇಸಿಗೆಯಲ್ಲಿ ಹೂನೀರು ಕೊಂಡಿದ್ದ. ಹನ್ನೊಂದು ಮೇಲ್ ಬಂದದ್ದಕ್ಕಿಂತ ಅವನಿಗೆ ಸಿಟ್ಟು ತರಿಸಿದ್ದು ಬೇರೆ. ಪ್ರತಿ ಮೇಲ್‌ನ ನೆತ್ತಿಯಲ್ಲೂ ಇನ್ನೂರ ಹನ್ನೆರಡು ಜನರ ವಿಳಾಸ ಬಟಾಬಯಲಾಗಿತ್ತು. ಅದನ್ನು ನೋಡಿ ಯಾರೋ ದರ್ಜಿ ಅವನಿಗೆ ಸೂಟಿನ ಅಳತೆ ಕೇಳಿದ್ದ. ಬೇರೆಯಾದ ಗಂಡ ಹೆಂಡತಿ ಒಬ್ಬರು ಉಳಿದ ಇನ್ನೂರ ಹತ್ತು ಜನರ ಎದುರಿಗೇ ಸೋಫಾ ಯಾರದೆಂದು ಜಗಳ ತೆಗೆದಿದ್ದರು.

ಸಿಹೆಮ್‌ಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೂ ಸೋಲಲಿಲ್ಲ. "ಬೇಡ ಅಂದ್ರೆ ಬೇಡ ಅಂತ ಬರೀಬಹುದಿತ್ತಲ್ಲ?"

"ಮೂರು ಸಲ ಬರ್ದೆ. ಮರುದಿನ ಮತ್ತೊಂದು ಬಂತು."

ಆ ವಿಳಾಸಗಳ ಪಟ್ಟಿ ಸಂಘದ ಯಜಮಾನಿ ಸಾಲ್ಹಾಳದು, ಅವಳು ಸಿಹೆಮ್‌ಳ ದೊಡ್ಡಮ್ಮ. ಊರಲ್ಲೊಂದು ವಾಡಿಕೆ. ವಸಂತದಲ್ಲಿ ತಾಮ್ರದ ಹಂಡೆಯಿಂದ ಮೊದಲ ಹೂನೀರು ಇಳಿದಾಗ ಓಣಿಯ ಪ್ರತಿ ಮನೆಗೂ ಒಂದೊಂದು ಶೀಶೆ ಹೋಗುತ್ತದೆ. ಬೇಕೇ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅವಮಾನ. ಮೇಲ್ ಕೂಡ ಹಾಗೇ ಎಂದುಕೊಂಡ ಸಾಲ್ಹಾ, ಸಂಘದ ಹೆಂಗಸರ ಫೋನಿನಲ್ಲಿದ್ದ ವಿಳಾಸಗಳನ್ನೆಲ್ಲ ಬಾಚಿ ತಂದಿದ್ದಳು. ಹಲ್ಲಿನ ಡಾಕ್ಟರು, ಬೀಗರು, ಮಕ್ಕಳ ಶಾಲೆಯ ಮೇಷ್ಟ್ರು, ಯಾರನ್ನೂ ಬಿಟ್ಟಿರಲಿಲ್ಲ.

ಹಾತೆಮ್ ಇದನ್ನು ಕೇಳಿ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಹೀಗೆ ಕೇಳದೇ ಕಳಿಸುತ್ತಿದ್ದರೆ ಜನ ದೂರಿನ ಗುಂಡಿ ಒತ್ತುತ್ತಾರೆ, ಆಮೇಲೆ ನಿಮ್ಮ ಮೇಲ್ ನಿಜವಾಗಿ ಬೇಕಾದವರಿಗೂ ಕಸದ ಬುಟ್ಟಿಗೇ ಹೋಗುತ್ತದೆ ಎಂದು ವಿವರಿಸಿದ.

ಬೈಯಲು ಬಂದವನು ಆಮೇಲೆ ಮೂರು ಶನಿವಾರ ಕಲಿಸಲು ಬಂದ! ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ಕಳಿಸುವುದು, ಮೊದಲು ಒಪ್ಪಿಗೆ ಕೇಳುವುದು, ಬೇಡವಾದವರಿಗೆ ಕೆಳಗೊಂದು ದಾರಿ ಬಿಡುವುದು, ತಿಂಗಳಿಗೆ ಒಂದೇ ಬರೆಯುವುದು. ಕೊಳ್ಳಿ ಕೊಳ್ಳಿ ಎಂದು ಕೂಗಬೇಡಿ, ನಿಮ್ಮ ಕೆಲಸದ ಸುದ್ದಿ ಬರೆಯಿರಿ ಎಂದ. ಸಾಲ್ಹಾ ಅವನ ಕಾಫಿಗೆ ಎರಡು ಹನಿ ಹೂನೀರು ಹಾಕಿಕೊಡುತ್ತಾ, ಬೀಗರಿಗೂ ಅರ್ಜಿ ಹಾಕಬೇಕಾದ ಕಾಲ ಬಂತು ಎಂದು ಗೊಣಗಿದಳು.

ಕೊನೆಯ ಪಾಠ ಹೀಗಿತ್ತು.

"ಮೂರು ತಿಂಗಳು ಯಾರು ನಿಮ್ಮ ಮೇಲ್ ತೆರೆಯಲ್ವೋ ಅವರ ಹೆಸರು ತೆಗೆದುಬಿಡಿ. ಮುಚ್ಚಿದ ಬಾಗಿಲು ಎಷ್ಟಂತ ತಟ್ತೀರ?"

ಇನ್ನೂರ ಹನ್ನೆರಡರಲ್ಲಿ ಎಪ್ಪತ್ತನಾಲ್ಕು ಜನ ಒಪ್ಪಿಗೆ ಕೊಟ್ಟರು. ಮೊದಲ ಒಪ್ಪಿಗೆ ಹಾತೆಮ್‌ನದು. ಅಂದು ಸಿಹೆಮ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಾಲ್ಹಾಗೆ ಮಾತ್ರ ಸೋಫಾ ಜಗಳದ ಭಯ ಇಳಿದಿರಲಿಲ್ಲ. ಬಂದ ಉತ್ತರಗಳೆಲ್ಲ ಬೇರೆ ಮೇಲ್ ಪೆಟ್ಟಿಗೆಗೆ ಬೀಳಲಿ, ನಾನೇ ನೋಡಿ ಹೇಳುತ್ತೇನೆ ಎಂದು ಹಟ ಹಿಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಸಿಹೆಮ್ ನಕ್ಕಳು, ಆದರೂ ಹಾಗೇ ಮಾಡಿಕೊಟ್ಟಳು.

ಜನವರಿಯಿಂದ ಪ್ರತಿ ತಿಂಗಳ ಮೊದಲ ದಿನ ಅವಳು ಬರೆಯತೊಡಗಿದಳು. ಎಪ್ಪತ್ತನಾಲ್ಕು ಜನರಿಗೆ ಹೋಗುವ ಮೇಲ್, ನಿಜದಲ್ಲಿ ಒಬ್ಬನಿಗೇ ಬರೆದದ್ದು. ಕಳಿಸಿದ ಮೇಲೆ ಪರದೆಯಲ್ಲಿ ಯಾರು ತೆರೆದರು ಎಂಬ ಪಟ್ಟಿ ಮೂಡುತ್ತಿತ್ತು. ಹಲ್ಲಿನ ಡಾಕ್ಟರು ತೆರೆದಿದ್ದರು. ದರ್ಜಿ ಎರಡು ಸಲ ತೆರೆದಿದ್ದ.

ಹಾತೆಮ್ ಎದುರಿಗೆ ಸೊನ್ನೆ.

ಫೆಬ್ರವರಿಯಲ್ಲೂ ಸೊನ್ನೆ. ಮಾರ್ಚಿನಲ್ಲೂ...

'ಮುಖ ನೋಡಿ ಒಪ್ಪಿಗೆ ಕೊಟ್ಟಿದ್ದ, ಅಷ್ಟೇ,' ಎಂದುಕೊಂಡಳು. ಉತ್ತರವೇನಾದರೂ ಬಂತೇ ಎಂದು ದೊಡ್ಡಮ್ಮನನ್ನು ಕೇಳಿದರೆ, ಏನೂ ಇಲ್ಲ ಎಂಬ ಮಾತು.

ಅದೇ ಹೊತ್ತಿಗೆ ಕೊರ್ಬಾ ಊರಿನ ಎಣ್ಣೆ ವ್ಯಾಪಾರಿಯ ಮನೆಯಿಂದ ಸಂಬಂಧ ಬಂದಿತ್ತು. ಒಳ್ಳೆಯ ಜನ. ಹುಡುಗನನ್ನು ಬೇಡವೆನ್ನಲು ಕಾರಣ ಹುಡುಕಿದರೂ ಸಿಗಲಿಲ್ಲ. ಸಿಹೆಮ್ ಏಪ್ರಿಲ್ ಮೊದಲ ದಿನ ಪಟ್ಟಿಯಿಂದ ಹಾತೆಮ್ ಹೆಸರು ತೆಗೆದಳು. ಮಾರನೆಯ ದಿನ ದೊಡ್ಡಮ್ಮನಿಗೆ ಹೂಂ ಎಂದಳು. ಮುಂದಿನ ಭಾನುವಾರ ಅವರು ಬಂದು ಫಾತಿಹಾ ಪ್ರಾರ್ಥನೆ ಓದಿ ಮಾತು ಗಟ್ಟಿ ಮಾಡುವುದೆಂದಾಯಿತು.

ಗುರುವಾರ, ಅಂಗಳದ ಹಾಸುಬಟ್ಟೆಯ ಮೇಲೆ ರಾಶಿ ಹೂವಿದ್ದಾಗ ಹಾತೆಮ್ ಬಂದ.

"ಈ ತಿಂಗಳ ಮೇಲ್ ಬರ್ಲಿಲ್ಲ," ಎಂದ.

"ತೆಗೆದುಬಿಟ್ಟೆ. ನೀವೇ ಕಲ್ಸಿದ್ದು. ಮೂರೂ ತೆರೀಲಿಲ್ಲ ನೀವು."

ಹಾತೆಮ್ ಅವಳ ಬೆರಳಿನತ್ತ ನೋಡಿದ. "ತಾಮ್ರದ ಹಂಡೆ ಉಜ್ಜುವಾಗ ಬೆರಳು ಕುಯ್ದಿತ್ತಲ್ಲ, ವಾಸಿ ಆಯ್ತಾ?"

ಸಿಹೆಮ್ ಕೈಯಲ್ಲಿದ್ದ ಹೂವು ಅಲ್ಲೇ ನಿಂತಿತು. ಅದು ಜನವರಿಯ ಮೇಲ್‌ನ ಸುದ್ದಿ.

ಅವನು ನಿಧಾನಕ್ಕೆ ತಿಳಿಸಿ ಹೇಳಿದ. ಆ ಎಣಿಕೆ ನಡೆಯುವುದು ಮೇಲ್‌ನೊಳಗೆ ಅಡಗಿಸಿಟ್ಟ ಕಣ್ಣಿಗೆ ಕಾಣದ ಒಂದು ಚಿತ್ರದಿಂದ. ಅವನ ಫೋನಿನಲ್ಲಿ ಚಿತ್ರಗಳು ಬರದಂತೆ ತಡೆದಿದ್ದಾನೆ, ಕೆಲಸದ ಅಭ್ಯಾಸ. ಹತ್ತು ಸಲ ಓದಿದರೂ ಅಲ್ಲಿ ಸೊನ್ನೆಯೇ. ಕಲಿಸುವಾಗ ಇದೊಂದನ್ನು ಹೇಳಲು ಮರೆತಿದ್ದ.

"ಓದಿದ್ರೆ ಒಂದು ಸಾಲು ಬರೀಬಾರ್ದಿತ್ತಾ?"

"ಮೂರೂ ಸಲ ಬರ್ದೆ."

ಸಿಹೆಮ್ ಎದ್ದು ಒಳಗೆ ಹೋಗಿ ಆ ಬೇರೆ ಪೆಟ್ಟಿಗೆ ತೆರೆದಳು. ನಲವತ್ತೆರಡು ಉತ್ತರಗಳಿದ್ದವು, ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಸೋಫಾದವರು ಮತ್ತೆ ಬರೆದಿದ್ದರೆ ಎಂಬ ಹೆದರಿಕೆಗೆ ಸಾಲ್ಹಾ ಅದರ ಹತ್ತಿರವೂ ಸುಳಿದಿರಲಿಲ್ಲ. ಹಾತೆಮ್‌ನ ಮೂರನೆಯ ಮೇಲ್ ಚಿಕ್ಕದಿತ್ತು.

'ನಿಮ್ಮ ಬರಹಕ್ಕೆ ತಿಂಗಳಿಡೀ ಕಾಯುವಂತಾಗಿದೆ. ನಿಮಗೂ ಹಾಗಿದ್ದರೆ ಅಮ್ಮನನ್ನು ಕರೆದುಕೊಂಡು ಮನೆಗೆ ಬರುತ್ತೇನೆ. ಇಲ್ಲವಾದರೆ ಉತ್ತರಿಸಬೇಡಿ, ಅರ್ಥ ಮಾಡಿಕೊಳ್ಳುತ್ತೇನೆ.'

ಅವಳು ಕಣ್ಣೊರೆಸಿಕೊಂಡು ಹೊರಗೆ ಬಂದಳು. "ಉತ್ತರ ಬರ್ಲಿಲ್ಲ. ಮತ್ತೆ ಯಾಕೆ ಬಂದ್ರಿ?"

"ನೀವು ಬೇಡ ಅಂದ್ರಿ ಅಂದ್ಕೊಂಡೆ. ಆದ್ರೆ ಬರೆಯೋದನ್ನೂ ನಿಲ್ಸಿದ್ರಿ. ಆ ಮೇಲ್ ಒಂದನ್ನಾದ್ರೂ ಕೇಳಿ ಇಸ್ಕೊಂಡು ಹೋಗೋಣ ಅಂತ."

ಆ ಮಾತಿಗೆ ಸಿಹೆಮ್ ಸೋತಳು. ಹೂವು ಆರಿಸುತ್ತಿದ್ದ ಸಾಲ್ಹಾಳ ಕಡೆ ತಿರುಗಿ, ಭಾನುವಾರದವರಿಗೆ ಈಗಲೇ ಫೋನ್ ಮಾಡಿ ಬರಬೇಡಿ ಎನ್ನಬೇಕು ಎಂದಳು. ಸಾಲ್ಹಾಳ ಮುಖ ಬಿಳಿಚಿತು. ಒಳಗೆ ತೆರೆದಿದ್ದ ಪರದೆ ಕಂಡದ್ದೇ, ಬೈಯಬೇಕೆಂದಿದ್ದ ಮಾತು ನುಂಗಿಕೊಂಡಳು.

"ಏನಂತ ಹೇಳ್ಲೇ ಅವ್ರಿಗೆ?"

"ತಪ್ಪು ನಮ್ದು, ಕ್ಷಮಿಸಿ ಅಂತ ಹೇಳು ದೊಡ್ಡಮ್ಮ. ಸುಳ್ಳಲ್ವಲ್ಲ."

ಸಾಲ್ಹಾ ಫೋನ್ ಹಿಡಿದು ಓಣಿಗೆ ನಡೆದಳು. ಹಾತೆಮ್ ನಿಂತೇ ಇದ್ದ. ನೆಟ್ಟಗೆ ನೋಡುವ ಧೈರ್ಯ ಈಗ ಅವನಿಗೂ ಇರಲಿಲ್ಲ.

"ಅಮ್ಮಂಗೆ ಯಾವತ್ತು ಅಂತ ಹೇಳ್ಲಿ?"

"ಇವತ್ತೇ ಬರೋಕಾಗುತ್ತಾ ಕೇಳಿ," ಎಂದಳು ಸಿಹೆಮ್. "ಮೂರು ತಿಂಗಳು ತಡ ಆಗಿದೆ."