ಒಂದೇ ಚುಕ್ಕೆ, ಹದಿಮೂರು ಮನೆ

ಕಾದ ಟೀವಿಯ ಬೆನ್ನಿಗೆ ಒಂದು ವಾಸನೆ ಇರುತ್ತಿತ್ತು. ಬಿಸಿ ಧೂಳು, ಸ್ವಲ್ಪ ಮೇಣ, ಸ್ವಲ್ಪ ಸುಟ್ಟ ದಾರ ಸೇರಿದಂಥ ವಾಸನೆ. ಗೌತಮನಿಗೆ ಎಂಟು ವರ್ಷವಿದ್ದಾಗ ರಾಯಚೂರಿನ ಅವರ ಓಣಿಯಲ್ಲಿ ಟೀವಿ ಇದ್ದದ್ದು ಒಂದೇ ಮನೆಯಲ್ಲಿ. ಭಾನುವಾರ ಸಂಜೆ ‘ಜೋಡಿ ಗಂಟೆ’ ಶುರುವಾಗುವ ಹೊತ್ತಿಗೆ ಮುಂದಿನ ಜಾಗವೆಲ್ಲ ತುಂಬಿರುತ್ತಿತ್ತು. ತಡವಾಗಿ ಬಂದವನಿಗೆ ಟೀವಿಯ ಪಕ್ಕದ ಗೋಡೆಯೇ ಗತಿ. ಅಲ್ಲಿ ಕೂತರೆ ಚಿತ್ರ ಕಾಣುತ್ತಿರಲಿಲ್ಲ. ಪ್ರಶ್ನೆ ಕೇಳುತ್ತಿತ್ತು, ನೋಡುವವರ ಮುಖ ಕಾಣುತ್ತಿತ್ತು, ಮೂಗಿಗೆ ಆ ವಾಸನೆ ಬರುತ್ತಿತ್ತು. ಅಷ್ಟರಲ್ಲೇ ಅವನು ಸುಖವಾಗಿದ್ದ.

ಅದೇ ‘ಜೋಡಿ ಗಂಟೆ’ ಈ ವರ್ಷ ಹೊಸ ವೇಷದಲ್ಲಿ ಮತ್ತೆ ಬಂದಿತ್ತು. ಭಾನುವಾರದ ಬದಲು ಗುರುವಾರ ಸಂಜೆ ಬರುತ್ತಿತ್ತು. ಹಿತ್ತಾಳೆಯ ಗಂಟೆ ಹೋಗಿ ಕೆಂಪು ಬಜರ್ ಬಂದಿತ್ತು, ಖಾದಿ ಜುಬ್ಬಾದ ನಿರೂಪಕರ ಜಾಗಕ್ಕೆ ಹೊಳೆಯುವ ಕೋಟಿನ ಹುಡುಗ. ಜನರಿಗೆ ಏನನ್ನಿಸುತ್ತಿದೆ ಎಂದು ತಿಳಿಯಲು ಚಾನೆಲ್‌ನವರು ಒಂದು ಸಮೀಕ್ಷೆ ಮಾಡಿಸುತ್ತಿದ್ದರು. ರಾಯಚೂರು ಜಿಲ್ಲೆಯಲ್ಲಿ ಮನೆ ಮನೆಗೆ ಹೋಗಿ ಅಭಿಪ್ರಾಯ ಬರೆದು ತರುವವರು ಆರು ಮಂದಿ. ಫೋನಿನಲ್ಲಿ ಫಾರ್ಮು ತುಂಬಿದ ಕಡೆ ನಕ್ಷೆಯ ಮೇಲೆ ತಾನಾಗಿ ಒಂದು ಚುಕ್ಕೆ ಬೀಳುತ್ತಿತ್ತು. ಬರೆದದ್ದು ನಿಜವೋ ಸುಳ್ಳೋ ಎಂದು ತಪಾಸಣೆ ಮಾಡುವವನು ಗೌತಮ.

ಆರರಲ್ಲಿ ಐವರು ಕೊನೆಯ ಖಾನೆಯಲ್ಲಿ “ಚೆನ್ನಾಗಿದೆ”, “ಪರವಾಗಿಲ್ಲ” ಎಂದು ಬರೆದು ಮುಗಿಸುತ್ತಿದ್ದರು. ಮಾನ್ವಿ ತಾಲೂಕು ನೋಡಿಕೊಳ್ಳುವ ಶಶಿಕಲಾ ಮಾತ್ರ ಜನ ಆಡಿದ ಮಾತನ್ನೇ ಬರೆಯುತ್ತಿದ್ದಳು.

“ಹಳೇದರಾಗ ಸೋತವ್ರೂ ನಕ್ಕೋತ ಹೋಗ್ತಿದ್ರು. ಇದರಾಗ ಗೆದ್ದವ್ರೂ ಅಳ್ತಾರ.”

“ಬಹುಮಾನ ದೊಡ್ಡವಾಗ್ಯಾವ, ಪ್ರಶ್ನಿ ಸಣ್ಣವಾಗ್ಯಾವ.”

“ಹೊಸಾ ಹುಡುಗ ಚೊಲೊ ಅದಾನ. ಆದ್ರ ಅವನ ಹಲ್ಲು ನೋಡೋದ್ರಾಗ ಪ್ರಶ್ನಿ ಮರ್ತ ಹೋಗ್ತದ.”

ಈ ಕೊನೆಯದರ ಕೆಳಗೆ ಗೌತಮ ನಿಯಮ ಮೀರಿ “ಓದಿ ನಕ್ಕೆ” ಎಂದು ಬರೆದಿದ್ದ. ಮರುದಿನದ ಫಾರ್ಮಿನ ಕೆಳಗೆ ಒಂದೇ ಪದ ಬಂದಿತ್ತು: “ನಾನೂ.”

ಆರು ವಾರದಲ್ಲಿ ಅವರಿಬ್ಬರ ನಡುವೆ ಆದ ಮಾತು ಅಷ್ಟೇ. ಆದರೂ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ ಅವನು ಮೊದಲು ಮಾನ್ವಿಯ ಫಾರ್ಮುಗಳನ್ನು ಹುಡುಕುತ್ತಿದ್ದ. ಇವಳು ಹೇಗೆ ಕೇಳುತ್ತಾಳೆ? ನಿಂತೇ ಕೇಳುತ್ತಾಳೋ, ಕಟ್ಟೆಯ ಮೇಲೆ ಕೂತು ಕೇಳುತ್ತಾಳೋ? ಯಾರಿಗೂ ಹೇಳದ ಮಾತನ್ನು ಜನ ಇವಳಿಗೆ ಯಾಕೆ ಹೇಳುತ್ತಾರೆ?

ಅವಳನ್ನು ಮೊದಲ ಸಲ ಎದುರಿಗೆ ಕಂಡದ್ದು ಮಾತ್ರ, ಅವಳ ಮೇಲೆ ಮೋಸದ ಅನುಮಾನ ಬಂದ ದಿನ.

ಬುಧವಾರ ಮಧ್ಯಾಹ್ನ ಸ್ಟೇಷನ್ ರೋಡಿನ ಮಹಡಿ ಆಫೀಸಿಗೆ ಅವಳು ಮೆಟ್ಟಿಲು ಹತ್ತಿ ಬಂದಳು. ಬಿಸಿಲಿಗೆ ಮೂಗಿನ ತುದಿ ಕೆಂಪಾಗಿತ್ತು. ಜಡೆಯಲ್ಲಿ ಹೂವಿನ ಜಾಗಕ್ಕೆ ಒಂದು ನೀಲಿ ಪೆನ್ನು.

“ಕುಂದರ್ರಿ,” ಎಂದ ಗೌತಮ. ಅವಳು ಕೂರಲಿಲ್ಲ. ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. “ಬಾಗಲವಾಡದಾಗ ಹದಿಮೂರು ಮನಿ ಮಾಡೀರಿ. ನಕ್ಷಾದಾಗ ಹದಿಮೂರೂ ಒಂದ ಚುಕ್ಕಿ. ಒಂದ ಕಟ್ಟಿ ಮ್ಯಾಲೆ ಕುಂತು ತುಂಬಿದಂಗ ಅದ.”

“ಹೌದ್ರಿ. ಒಂದ ಕಟ್ಟಿ ಮ್ಯಾಲೆ ಕುಂತ ತುಂಬೀನಿ. ಎಲ್ಲಾರೂ ಅಲ್ಲೇ ಕೂಡಿ ಆಟ ನೋಡ್ತಾರ.”

ಅವನು ತಲೆಯೆತ್ತಿದ. ಸಿಕ್ಕಿಬಿದ್ದವರು ಹೀಗೆ ಹೇಳುವುದಿಲ್ಲ.

“ಹದಿಮೂರೂ ಮಂದಿ ಒಂದ ಮಾತು ಹೇಳ್ಯಾರ, ‘ಪ್ರಶ್ನಿ ಬಾಯಿಲೆ ಓದಿ ಹೇಳಬೇಕು’ ಅಂತ. ಒಬ್ಬರೂ ಬ್ಯಾರೆ ಏನೂ ಹೇಳ್ಲಿಲ್ಲೇನು?”

“ಇಲ್ರಿ.”

“ಎಲ್ಲಾರ ಮನ್ಯಾಗೂ ಟೀವಿ ಅದ ಅಂತ ನೀವ ಬರದೀರಿ. ಮತ್ತ ಎಲ್ಲಾರೂ ಒಬ್ಬರ ಮನಿಗೆ ಬಂದು ಯಾಕ ನೋಡ್ತಾರ?”

ಅವಳು ಕಿಟಕಿಯ ಕಡೆ ನೋಡಿದಳು. “ಅದನ್ನ ಹೇಳಂಗಿಲ್ರಿ. ಮಾತು ಕೊಟ್ಟೀನಿ.”

“ಹೇಳ್ಲಿಲ್ಲಂದ್ರ ನಿಮ್ಮ ಕೆಲಸ ಹೋಗ್ತದ. ಶನಿವಾರ ಸಂಜಿ ಒಳಗ ನಾ ‘ಸುಳ್ಳು’ ಅಂತ ಬರದ್ರ ಹದಿಮೂರೂ ಮಾತು ಅಳಿಸಿ ಹಾಕ್ತಾರ.”

ಕೆಲಸ ಹೋಗುತ್ತದೆ ಎಂದಾಗ ಅಲುಗದವಳು ಅಳಿಸುತ್ತಾರೆ ಎಂದಾಗ ಕುರ್ಚಿಯ ಬೆನ್ನು ಹಿಡಿದಳು. “ಅಲ್ಲಿ ಪಕೀರಮ್ಮ ಅಂತ ಅದಾರ್ರಿ, ಎಪ್ಪತ್ತು ದಾಟ್ಯಾವ. ‘ಇಷ್ಟ ವರ್ಷದಾಗ ನನ್ನ ಮಾತು ಯಾರೂ ಬರಕೊಂಡಿದ್ದಿಲ್ಲವಾ’ ಅಂದ್ರು. ಅದನ್ನ ಅಳಿಸಬ್ಯಾಡ್ರಿ. ಒಂದ ಸಲ ಹೋಗಿ ನೋಡ್ರಿ. ಸುಮ್ನ ಕುಂತು ನೋಡ್ರಿ, ಅಷ್ಟ ಸಾಕು.”

ಬಾಗಿಲವರೆಗೆ ಹೋದವಳು ತಿರುಗಿದಳು. “ಓದಿ ನಕ್ಕವ್ರು ನೀವೇನು?”

“ಹೌದು,” ಎಂದ ಗೌತಮ. ಹೇಳುತ್ತಲೇ ನಕ್ಕೂಬಿಟ್ಟ.

ಅವಳು ಅವನ ಮುಖವನ್ನು ಫಾರ್ಮು ತುಂಬುವವಳಂತೆ ಒಂದು ಕ್ಷಣ ನೋಡಿದಳು. “ಹಲ್ಲು ಸಾಧಾರಣ ಅದಾವ,” ಎಂದು ಮೆಟ್ಟಿಲಿಳಿದು ಹೋದಳು.

ಗುರುವಾರ ಸಂಜೆ ಏಳಕ್ಕೆ ಮೊದಲೇ ಗೌತಮ ಬಾಗಲವಾಡದ ಆ ಕಟ್ಟೆಯ ಮೇಲಿದ್ದ. ಅದು ನಬೀಸಾಬ್ ಮತ್ತು ಅವರ ಹೆಂಡತಿ ರಂಜಾನಬಿಯ ಮನೆ. ಟೀವಿಯನ್ನು ಕಟ್ಟೆಗೆ ಕಾಣುವಂತೆ ಹೊಸ್ತಿಲಿಗೆ ತಂದಿಟ್ಟಿದ್ದರು. ಮುಂದೆ ಒಂದು ಕುರ್ಚಿ, ಅದರಲ್ಲಿ ಬಿಳಿ ಗಡ್ಡದ ನಬೀಸಾಬ್. ಒಬ್ಬೊಬ್ಬರಾಗಿ ಜನ ಬರತೊಡಗಿದರು, ಬಂದವರೆಲ್ಲ ಒಂದೊಂದು ನೆಪ ತಂದರು.

“ನಬೀಸಾಬ್, ನಮ್ಮ ಟೀವಿ ಮತ್ತ ಕೆಟ್ಟದ ನೋಡಪಾ,” ಎಂದರು ಅದೇ ಓಣಿಯ ವಿರೂಪಣ್ಣ.

“ಲೇ, ಹೋದ ವಾರನೂ ಕೆಟ್ಟಿತ್ತಲ್ಲೋ ಅದು?”

“ರಿಪೇರಿ ಮಾಡಿದಾಂವನ ಕೆಡಿಸಿ ಹೋದ.”

“ನಮ್ಮನ್ಯಾಗ ಸೊಸಿ ಸೀರಿಯಲ್ ಹಚ್ಯಾಳ, ರಿಮೋಟ್ ಕೊಡವಲ್ಲಳು,” ಎಂದಳು ಪಕೀರಮ್ಮ. ಆ ಸೊಸೆ ಅವಳ ಹಿಂದೆಯೇ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು. ಇನ್ನೊಬ್ಬರು ತಮ್ಮ ಮನೆಯಲ್ಲಿ ಕರೆಂಟಿಲ್ಲ ಎಂದರು. ಎದುರಿನ ಅವರ ಮನೆಯ ಬಲ್ಬು ಗೌತಮನ ಕಣ್ಣಿಗೆ ಹೊಡೆಯುತ್ತಿತ್ತು.

ಆಟ ಶುರುವಾಯಿತು. ಪರದೆಯ ಮೇಲೆ ಪ್ರಶ್ನೆ ಮೂಡಿತು. ಯಾರೂ ಅದನ್ನು ಓದಲಿಲ್ಲ, ಬರೀ ಢಂ ಢಂ ಎಂಬ ಸಂಗೀತ. ವಿರೂಪಣ್ಣ ತಮ್ಮಷ್ಟಕ್ಕೆ ಯೋಚಿಸುವವರಂತೆ ಗಟ್ಟಿಯಾಗಿ ಓದಿದರು, “ಕೃಷ್ಣಾ ನದಿ ಎಲ್ಲಿ ಹುಟ್ಟತದ? ಒಂದನೇದು ತಲಕಾವೇರಿ, ಎರಡನೇದು ಮಹಾಬಳೇಶ್ವರ...”

“ಎರಡನೇದು!” ಎಂದು ನಬೀಸಾಬ್ ಕುರ್ಚಿಯ ಕೈ ಬಡಿದರು.

“ಯಪ್ಪಾ, ಈ ಹುಡುಗನ ಕೋಟು ನೋಡು,” ಎಂದಳು ಪಕೀರಮ್ಮ. “ಹಳದಿ ಅಂದ್ರ ಹಳದಿ. ಬಾಳಿಹಣ್ಣಿನ ಸಿಪ್ಪಿ ಸುತ್ತಿಕೊಂಡಂಗ ಅದ. ಆ ಹೆಣ್ಮಗಳು ಉತ್ತರ ಗೊತ್ತಿಲ್ಲದ ಉಗುರು ಕಡ್ಯಾಕತ್ತಾಳ, ಪಾಪ.”

ನಬೀಸಾಬ್ ನಕ್ಕರು. ಆಗ ಗೌತಮನ ಗಮನಕ್ಕೆ ಬಂತು. ಅವರ ಮುಖ ಟೀವಿಯ ಕಡೆಗಿರಲಿಲ್ಲ, ಪಕೀರಮ್ಮನ ದನಿ ಬಂದ ಕಡೆಗಿತ್ತು.

ಬಾಗಿಲ ಸಂದಿನಲ್ಲಿ ನಿಂತಿದ್ದ ರಂಜಾನಬಿ ಅವನನ್ನು ನೋಡುತ್ತಿದ್ದಳು. ಕೈಸನ್ನೆಯಿಂದ ಒಳಗೆ ಕರೆದಳು.

“ಎರಡು ವರ್ಷ ಆತ್ರಿ, ಇವರ ಎರಡೂ ಕಣ್ಣು ಹೋದ್ವು,” ಎಂದಳು ಪಿಸುದನಿಯಲ್ಲಿ. “ಈ ಆಟ ಅಂದ್ರ ಜೀವ. ಹಳೇದರಾಗ ಪ್ರಶ್ನಿ ಬಾಯಿಲೆ ಹೇಳ್ತಿದ್ರು. ಹೊಸಾದು ಬಂದ ದಿನ ಬರೇ ಬಾಜಾ ಕೇಳಿ, ಟೀವಿ ಮಾರಿಬಿಡು ಅಂದ್ರು. ಮುಂದಿನ ವಾರ ವಿರೂಪಣ್ಣ ಬಂದು ತನ್ನ ಟೀವಿ ಕೆಟ್ಟದ ಅಂದ. ಅವತ್ತಿನಿಂದ ಓಣಿ ತುಂಬ ಟೀವಿ ಕೆಟ್ಟಾವ್ರಿ.” ಅವಳು ಕಣ್ಣೊರೆಸಿಕೊಂಡಳು. “ತಮ್ಮ ಸಲುವಾಗಿ ಬರ್ತಾರ ಅಂತ ತಿಳದ್ರ ನಾಳಿಂದ ಕುರ್ಚಿ ಒಳಗ ತಗೊಂಡು ಬಾಗಿಲು ಹಾಕ್ತಾರ. ಭಾಳ ಅಭಿಮಾನಿ ಮನಷ್ಯಾ. ಬರಕೊಳ್ಳಾಕ ಬಂದ ಹುಡುಗಿಗೂ ಕೈ ಮುಗದು ಹೇಳೀವಿ, ಇದೊಂದು ಬರೀಬ್ಯಾಡವಾ ಅಂತ.”

ಗೌತಮ ಹೊರಗೆ ಬಂದು ಕೂತ. ಮುಂದಿನ ಪ್ರಶ್ನೆ ಮೂಡಿದಾಗ ವಿರೂಪಣ್ಣನಿಗೆ ಕೆಮ್ಮು ಬಂತು. ಯಾರೂ ಹೇಳದಿದ್ದರೂ ಗೌತಮ ಗಟ್ಟಿಯಾಗಿ ಓದಿದ.

ಕೊನೆಯ ಬಸ್ಸಿನಲ್ಲಿ ಅವನು ತನ್ನ ಮುಂದಿದ್ದ ಎರಡು ದಾರಿಗಳನ್ನು ತೂಗಿ ನೋಡಿದ. ‘ಕುರುಡರೊಬ್ಬರಿಗಾಗಿ ಜನ ಒಂದೆಡೆ ಸೇರುತ್ತಾರೆ’ ಎಂದು ಒಂದು ಸಾಲು ಬರೆದರೆ ಇವತ್ತೇ ಕೆಲಸ ಮುಗಿಯುತ್ತದೆ. ಆದರೆ ಇಂಥ ಕಾರಣ ಬರೆದರೆ ಬೆಂಗಳೂರಿನ ಚಾನೆಲ್‌ನವರು ಖಾತ್ರಿ ಮಾಡಿಕೊಳ್ಳಲು ಅದೇ ಮನೆಗೆ ಫೋನು ಮಾಡುತ್ತಾರೆ. ನಬೀಸಾಬರೇ ಎತ್ತಬಹುದು. ಕಾರಣ ಬರೆಯದಿದ್ದರೆ ಹದಿಮೂರು ಮನೆಗಳ ಬಾಗಿಲಿಗೂ ಹೋಗಿ, ಅಲ್ಲೇ ನಿಂತು, ಒಬ್ಬೊಬ್ಬರನ್ನೂ ಹೊಸದಾಗಿ ಕೇಳಬೇಕು. ಅದೂ ಹತ್ತಿ ಬಿಡಿಸುವ ದಿನಗಳಲ್ಲಿ, ಹಗಲು ಯಾರೂ ಮನೆಯಲ್ಲಿರದ ಹೊತ್ತಿನಲ್ಲಿ.

ಒಂದು ಸಾಲಿನಲ್ಲಿ ತನ್ನನ್ನು ಉಳಿಸಿಕೊಳ್ಳಬಹುದಾಗಿದ್ದ ಹುಡುಗಿ ಆ ಸಾಲನ್ನು ಬರೆದಿರಲಿಲ್ಲ. ಆರು ವಾರ ಅವಳ ಫಾರ್ಮುಗಳಲ್ಲಿ ಅವನು ಹುಡುಕಿದ್ದಕ್ಕೆಲ್ಲ ಆ ಬರೆಯದ ಸಾಲಿನಲ್ಲಿ ಉತ್ತರವಿತ್ತು.

ಶುಕ್ರವಾರ ಮೀಟಿಂಗು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ವಿರೂಪಣ್ಣನ ಬಾಗಿಲಲ್ಲಿದ್ದ.

“ಮೊನ್ನೆ ಎಲ್ಲಾ ಕೂಡೇ ಕುಂತಿದ್ವಲ್ರಿ ಸಾಹೇಬ್ರ, ಮತ್ತೇನು?”

“ಮನಿ ಬಾಗಿಲದಾಗ ನಿಂತು ಕೇಳಬೇಕ್ರಿ. ಕಾಯ್ದೆ.”

“ಬಾಗಿಲದಾಗ ನಿಂತ್ರ ಅಭಿಪ್ರಾಯ ಬದಲಾಗ್ತದೇನು? ಹಿಡಕೋರಿ, ಅದ ಮಾತು. ಪ್ರಶ್ನಿ ಬಾಯಿಲೆ ಓದಬೇಕು.”

ಹೀಗೆ ಮನೆಯಿಂದ ಮನೆಗೆ. ಕೆಲವರು ಹೊಲಕ್ಕೆ ಹೊರಡುವ ಮೊದಲೇ ಸಿಕ್ಕರು. ಕೆಲವರಿಗೆ ಹೇಳಿಕಳಿಸಿ, ಬೇವಿನ ನೆರಳಿನಲ್ಲಿ ಕಾದ. ಎಲ್ಲರೂ ಉಣ್ಣಲು ಕರೆದರು. ತಪಾಸಣೆಯ ಮನೆಯಲ್ಲಿ ನೀರು ಬಿಟ್ಟು ಏನನ್ನೂ ಮುಟ್ಟುವಂತಿಲ್ಲ ಎಂಬ ನಿಯಮ. ಒಬ್ಬಳು ಸಿಟ್ಟಾಗಿ, “ನಮ್ಮ ಮಾತು ಬೇಕು, ರೊಟ್ಟಿ ಬ್ಯಾಡೇನು?” ಎಂದು ಬೈದೂ ಬೈದಳು. ಕೊನೆಗೆ ಉಳಿದದ್ದು ಪಕೀರಮ್ಮ. ಹೊಲದಿಂದ ಮೂರೂವರೆಗೆ ಬಂದು, ಸೆರಗಿಗೆ ಅಂಟಿದ ಹತ್ತಿ ಕೊಡವಿಕೊಂಡು ಹೊಸ್ತಿಲ ಮೇಲೆ ಕೂತಳು.

“ಎರಡ ಎರಡ ಸಲ ಬರಕೊಳ್ಳಾಕತ್ತೀರಿ. ನನ್ನ ಮಾತು ಅಷ್ಟು ದೊಡ್ಡದೇನಪಾ?”

“ಹೌದ್ರಿ ಯವ್ವಾ,” ಎಂದು ಗೌತಮ ಹದಿಮೂರನೆಯ ಸಲ ಫೋನಿನಲ್ಲಿ ‘ನಿಜ’ ಎಂಬುದನ್ನು ಒತ್ತಿದ.

ಊರ ಹೊರಗೆ, ಊರ ಹೆಸರಿನ ಕಲ್ಲಿನ ಬಳಿ ಬಸ್ಸಿಗೆಂದು ಬಂದರೆ ಕಲ್ಲಿನ ಆಚೆ ಶಶಿಕಲಾ ನಿಂತಿದ್ದಳು.

“ತಪಾಸಣಿ ಮುಗಿಯೋ ತನಕ ನೀವು ಈ ಊರಿಗೆ ಬರಂಗಿಲ್ಲ,” ಎಂದ ಅವನು. ದನಿಯಲ್ಲಿ ಅಧಿಕಾರ ಸ್ವಲ್ಪವೂ ಉಳಿದಿರಲಿಲ್ಲ.

“ಎಲ್ಲಿ ಬಂದೀನಿ? ಕಲ್ಲು ದಾಟಿಲ್ಲ ನೋಡ್ರಿ.” ಅವಳು ತನ್ನ ಚಪ್ಪಲಿಯ ತುದಿ ತೋರಿಸಿದಳು. “ಕಲ್ಲೂರ ಊರಾಗ ಕೆಲಸದ ಮ್ಯಾಲಿದ್ದೆ. ಫೋನಿನಾಗ ನೋಡಿದ್ರ, ಒಂಬತ್ತಕ್ಕ ಒಂದನೇದು ಹಸರಾತು. ಚುಕ್ಕಿ ಬ್ಯಾರೆ ಕಡಿ ಇತ್ತು. ಆಮ್ಯಾಲೆ ಇನ್ನೊಂದು. ಈ ಮನಷ್ಯಾ ಮನಿ ಮನಿ ತಿರಗಾಕತ್ತಾನ ಅಂತ ತಿಳೀತು. ಇವತ್ತ ನನ್ನ ಕೆಲಸ ಏನೂ ಆಗಿಲ್ರಿ, ನಿಮ್ಮನ್ನ ನೋಡೋದ್ರಾಗ ದಿನ ಹೋತು.”

ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಜಡೆಯ ಪೆನ್ನು ತೆಗೆದು, ಮತ್ತೆ ಅಲ್ಲೇ ಸಿಕ್ಕಿಸಿದಳು.

“ಕಾರಣ ಬರದೀರೇನು?”

“ಇಲ್ಲ.”

“ಬರದುಬಿಟ್ಟಿದ್ರ ಗುರುವಾರನ ಮುಗೀತಿತ್ತು.”

“ಮುಗೀತಿತ್ತು.”

ಒಂದು ಟ್ರ್ಯಾಕ್ಟರ್ ಹತ್ತಿ ತುಂಬಿಕೊಂಡು ಹೋಯಿತು. ಬಿಳಿಯ ಒಂದೆರಡು ಎಳೆ ಅವಳ ಭುಜದ ಮೇಲೆ ಇಳಿದವು. ತೆಗೆಯಲೋ ಬೇಡವೋ ಎಂದು ಗೌತಮನ ಕೈ ಅರ್ಧ ಎದ್ದು ಹಿಂದೆ ಬಂತು. ಅದನ್ನು ಅವಳು ನೋಡಿದಳು. ನೋಡಿದ್ದನ್ನು ಮುಚ್ಚಿಡಲಿಲ್ಲ.

“ನಮ್ಮವ್ವನ್ನ ಕರ್ಕೊಂಡು ನಿಮ್ಮೂರಿಗೆ, ನಿಮ್ಮ ಮನಿಗೆ ಬಂದ್ರ ಕುಂದ್ರಸ್ತಾರೇನ್ರಿ?” ಎಂದ ಅವನು.

“ಯಾಕ? ಅಲ್ಲೂ ತಪಾಸಣಿ ಅದೇನು?”

“ಇಲ್ರಿ. ಮುಂಜಾನೆದ್ದು ಮೊದಲ ನಿಮ್ಮ ಮಾತ ಬೇಕು ಅನಸ್ತದ ನನಗ. ಈ ಸಮೀಕ್ಷಾ ಮುಂದಿನ ತಿಂಗಳು ಮುಗೀತದ. ಆಮ್ಯಾಲೂ ಬೇಕು. ಅದನ್ನ ಕೇಳಾಕ ಬರ್ತೀನಿ.”

ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಕಿವಿಯ ಹಿಂಬದಿ ಮೂಗಿನ ತುದಿಯಷ್ಟೇ ಕೆಂಪಾಗಿತ್ತು.

“ನಮ್ಮಪ್ಪ ಭಾಳ ಪ್ರಶ್ನಿ ಕೇಳ್ತಾನ,” ಎಂದಳು.

“ಕೇಳ್ಲಿ.”

“ಹಂಗಾರ ನಾಳಿ ಐತವಾರ ಬರ್ರಿ.” ಆಮೇಲೆ ಅವಳು ಅವನ ಮುಖವನ್ನು ನೇರವಾಗಿ, ತುಸು ಕೋಪದಿಂದ ನೋಡಿದಳು. “ಏಳನೇ ಮನಿ ಹನ್ನೆರಡೂವರಿಗೆ ಆತು. ಎಂಟನೇದು ಹನ್ನೆರಡು ನಲವತ್ತಕ್ಕ. ನಡುವ ಉಣ್ಣಾಕ ಎಲ್ಲೂ ನಿಂತಿಲ್ಲ ನೀವು.”

ಅವಳು ಚೀಲದಿಂದ ಬಟ್ಟೆ ಸುತ್ತಿದ ಡಬ್ಬಿ ತೆಗೆದಳು. ಬೆಳಿಗ್ಗೆ ತನಗೆಂದು ಕಟ್ಟಿಕೊಂಡದ್ದು, ಗಂಟು ಇನ್ನೂ ಬಿಚ್ಚಿರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ. ಗಂಟು ಬಿಚ್ಚಿ, ಮುಚ್ಚಳ ತೆರೆದು, ಅವನ ಎರಡೂ ಕೈಗಳ ಮೇಲೆ ಇಟ್ಟಳು.