ಐದು ವರ್ಷದ ಸುಸ್ತು

“ಗರ್ಭ ನಿಲ್ಲದ ಹಾಗೆ ಮಾತ್ರೆ ತಗೋತಿದ್ದೀರಾ? ಎಷ್ಟು ವರ್ಷದಿಂದ?”

ಡಾಕ್ಟರಮ್ಮ ಸ್ಕ್ಯಾನ್ ಚಿತ್ರದಿಂದ ಕಣ್ಣು ತೆಗೆಯದೆಯೇ ಕೇಳಿದರು. ಎಷ್ಟೋ ಜನರಿಗೆ ಕೇಳಿ ಸವೆದ ಪ್ರಶ್ನೆ ಅವರಿಗೆ. ಅವಳು ಮಾತ್ರ ಸರಕ್ಕನೆ ಪಕ್ಕಕ್ಕೆ ತಿರುಗಿದಳು.

ಪಕ್ಕದ ಕುರ್ಚಿಯಲ್ಲೇ ಗಂಡ ಕೂತಿದ್ದ!

ಇಲ್ಲ ಅಂದುಬಿಡಲೇ...? ಆದರೆ ಬೆಳಿಗ್ಗೆ ಕನ್ನಡಕದಂಗಡಿಯಲ್ಲಿ ಗಿರಾಕಿಯೊಬ್ಬರ ಫ್ರೇಮಿಗೆ ಗಾಜು ಕೂರಿಸುತ್ತಿದ್ದವಳು ಬಲಪಕ್ಕೆಯ ನೋವಿಗೆ ಕುಸಿದುಬಿದ್ದಿದ್ದಳು. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

“ಐದು ವರ್ಷದಿಂದ...” ಎಂದಳು.

“ಐದು ವರ್ಷಾನಾ?” ಗಂಡನ ದನಿ ಬಾವಿಯೊಳಗಿಂದ ಬಂದಂತಿತ್ತು.

ಡಾಕ್ಟರಮ್ಮ ಈಗ ಇಬ್ಬರ ಮುಖವನ್ನೂ ನೋಡಿದರು. ನೋಡಿ, ದನಿ ತಗ್ಗಿಸಿದರು.

“ಲಿವರ್‌ನಲ್ಲಿ ಏಳು ಸೆಂಟಿಮೀಟರ್ ಗಡ್ಡೆ ಇದೆ. ಒಳಗೆ ರಕ್ತ ಸೋರಿದೆ. ಅಡಿನೋಮಾ ಅಂತ ನನ್ನ ಅನುಮಾನ, ತುಂಬಾ ಅಪರೂಪದ್ದು. ಅದೇ ಆಗಿದ್ರೆ ಕ್ಯಾನ್ಸರ್ ಅಲ್ಲ. ಆದ್ರೆ ಬರೀ ಚಿತ್ರ ನೋಡಿ ಹೇಳೋಕಾಗಲ್ಲ. ಮೊದಲು ರಕ್ತ ನಿಲ್ಲಿಸೋಣ. ಆಮೇಲೆ ಒಂದು ಚೂರು ತೆಗೆದು ಪರೀಕ್ಷೆ ಮಾಡೋಣ. ಮಾತ್ರೆ ಮಾತ್ರ ಇವತ್ತಿಂದಲೇ ಬಂದ್.”

“ಆ ಮಾತ್ರೆಯಿಂದಲೇ ಬಂತಾ ಡಾಕ್ಟ್ರೇ?” ಎಂದಳು ಅವಳು.

“ಲಕ್ಷಾಂತರ ಜನ ತಗೋತಾರಮ್ಮ, ಏನೂ ಆಗಲ್ಲ. ಎಲ್ಲೋ ಒಬ್ಬರಿಗೆ ಹೀಗಾಗತ್ತೆ. ತಪ್ಪು ಯಾರದು ಅಂತ ಹುಡುಕ್ತಾ ಕೂರಬೇಡಿ.”

ಗಂಡ ಕಾಗದಗಳಿಗೆಲ್ಲ ಸಹಿ ಹಾಕಿದ. ಅವಳ ಕಡೆ ತಿರುಗಿಯೂ ನೋಡದೆ ಎದ್ದು ಹೋದ.

ಮುಗಿಯಿತು! ಇನ್ನು ಇವರು ನನ್ನ ಮುಖ ನೋಡಲ್ಲ...

ಅವತ್ತೇ ತೊಡೆಸಂದಿಯಿಂದ ಕೂದಲೆಳೆಯಂಥ ನಳಿಕೆ ತೂರಿಸಿ, ಗಡ್ಡೆಗೆ ರಕ್ತ ಹರಿಸುತ್ತಿದ್ದ ನಾಳವನ್ನು ಮುಚ್ಚಿದರು. ಮರುದಿನ ಪಕ್ಕೆಗೆ ಸೂಜಿ ಹಾಕಿ ಚೂರು ತೆಗೆದರು. ಅವಳು ವಾರ್ಡಿನ ಸೂರು ನೋಡುತ್ತಾ ಮಲಗಿದಳು. ಅಳುವುದಕ್ಕೂ ಬೇಸರವಾಗುವಷ್ಟು ದಣಿವು.

ಮದುವೆಯಾದ ಎರಡೇ ವರ್ಷಕ್ಕೆ ಅತ್ತೆಗೆ ಪಾರ್ಶ್ವವಾಯು ಹೊಡೆದಿತ್ತು. ನಾಲ್ಕು ವರ್ಷ ಅವರನ್ನು ಎತ್ತಿ ಕೂರಿಸಿದ್ದು, ಮೈ ಒರೆಸಿದ್ದು, ಚಮಚದಲ್ಲಿ ಗಂಜಿ ಕುಡಿಸಿದ್ದು ಎಲ್ಲ ಅವಳೇ. ಅದು ಮುಗಿಸಿ ಅಂಗಡಿಯಲ್ಲಿ ಎಂಟು ಗಂಟೆ ನಿಲ್ಲಬೇಕು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: “ಏನಮ್ಮಾ, ವಿಶೇಷ ಏನೂ ಇಲ್ವಾ?” ಅತ್ತೆ ಹೋಗಿ ವರ್ಷವಾದರೂ ಆ ಪ್ರಶ್ನೆ ನಿಂತಿರಲಿಲ್ಲ.

ಮೂರನೆಯ ದಿನ ನಾದಿನಿ ಬಟ್ಟೆ ಚೀಲ ಹಿಡಿದು ಬಂದಳು.

“ಅತ್ತಿಗೆ, ನೀವಾದ್ರೂ ಅಣ್ಣಂಗೆ ಹೇಳಿ. ಮೂರು ದಿನದಿಂದ ಕೆಳಗಡೆ ಬೆಂಚ್ ಮೇಲೆ ಕೂತಿದ್ದಾನೆ. ಮೇಲೆ ಬಾ ಅಂದ್ರೆ, ಯಾವ ಮುಖ ಇಟ್ಕೊಂಡು ಬರ್ಲಿ ಅಂತಾನೆ.”

ಅವರಿಗೇನು ಮುಖವಿಲ್ಲದ್ದು? ಇಲ್ಲದವಳು ನಾನಲ್ಲವಾ!

ನರ್ಸ್ ಬೇಡವೆಂದರೂ ಕೇಳದೆ, ನಾದಿನಿ ತಳ್ಳಿದ ಗಾಲಿಕುರ್ಚಿಯಲ್ಲಿ ಕೂತು ಅವಳೇ ಇಳಿದು ಬಂದಳು. ಗಡ್ಡ ಬಿಟ್ಟುಕೊಂಡು ಕೂತಿದ್ದವನು ಅವಳನ್ನು ಕಂಡು ಗಾಬರಿಯಿಂದ ಎದ್ದ.

“ಏ, ನೀನ್ಯಾಕೆ ಬಂದೆ? ಹೆಚ್ಚುಕಮ್ಮಿ ಆದ್ರೆ?”

“ಬೈಯ್ಯೋದಿದ್ರೆ ಬೈದ್ಬಿಡಿ. ನೀವು ಹೀಗೆ ಸುಮ್ನಿರೋದನ್ನ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ.”

ನಾದಿನಿ ಮೆಲ್ಲಗೆ ದೂರ ಸರಿದಳು. ಅವನು ಕೈ ಬೆರಳಿನ ಗ್ರೀಸ್ ಕಲೆ ಉಜ್ಜುತ್ತಾ ಕೂತ. ಲಿಫ್ಟ್ ರಿಪೇರಿ ಮಾಡುವವನ ಕೈ ಅದು. ಎಷ್ಟು ತೊಳೆದರೂ ಹೋಗದು.

“ಎರಡು ವರ್ಷದ ಹಿಂದೆ ಒಬ್ಬನೇ ಹೋಗಿ ಪರೀಕ್ಷೆ ಮಾಡಿಸ್ಕೊಂಡಿದ್ದೆ,” ಎಂದ. “ಎಲ್ಲ ಸರಿಯಿದೆ ಅಂದ್ರು. ನಂಬಿಕೆ ಬರಲಿಲ್ಲ, ಇನ್ನೊಂದು ಕಡೆ ಹೋದೆ. ದೋಷ ನಂದೇ ಅಂತ ಒಳಗೊಳಗೇ ಕೊರಗ್ತಿದ್ದೆ ಕಣೇ. ನಿಂಗೆ ಮಗು ಬೇಡ್ವಾ... ಇಲ್ಲ, ನನ್ನ ಮಗು ಬೇಡ್ವಾ?”

ಇಷ್ಟು ದಿನ ಇವರು ಇದನ್ನು ಹೊತ್ತುಕೊಂಡು ಓಡಾಡಿದರಾ!

“ಅಯ್ಯೋ, ಹಾಗಲ್ಲ ರೀ... ಅತ್ತೇನ ಎತ್ತಿ ಎತ್ತಿ, ಇನ್ನೊಂದು ಜೀವ ಎತ್ಕೊಳ್ಳೋ ಶಕ್ತಿನೇ ಉಳಿದಿರ್ಲಿಲ್ಲ. ಹೇಳಿದ್ರೆ, ನಮ್ಮಮ್ಮ ನಿಂಗೆ ಭಾರ ಆದ್ಲಾ ಅಂತೀರೇನೋ ಅಂತ ಭಯ. ಅವರು ಹೋದ್ಮೇಲೆ ನಿಲ್ಲಿಸೋಣ ಅಂದ್ಕೊಂಡೆ. ಆಗ... ಒಂದು ವರ್ಷ ನನ್ನನ್ನ ಯಾರೂ ಯಾವ ಕೆಲ್ಸಕ್ಕೂ ಕರೀಬಾರ್ದು ಅನ್ನಿಸ್ತು. ನಿಮಗೆ ಮೋಸ ಮಾಡಿದೆ. ಅದು ನಿಜ.”

ಅವನು ಬೆಂಚಿನ ಮೇಲೆ ಅವಳ ಗಾಲಿಕುರ್ಚಿಯ ಹತ್ತಿರಕ್ಕೆ ಸರಿದ.

“ಅಮ್ಮ ಹಾಸಿಗೆ ಹಿಡಿದಾಗ ನಾನು ಮಾಡ್ತಿದ್ದ ಡಬಲ್ ಡ್ಯೂಟಿ ಎಲ್ಲ ನಾನೇ ಕೇಳಿ ಹಾಕಿಸ್ಕೊಂಡಿದ್ದು,” ಎಂದ. “ಅಮ್ಮನ್ನ ಆ ಸ್ಥಿತೀಲಿ ನೋಡೋಕೆ ಹೆದರಿಕೆ. ನೀನಿದ್ದೀಯಲ್ಲ ಅಂತ ತಪ್ಪಿಸ್ಕೊಂಡು ತಿರುಗಿದೆ. ನಿನ್ನ ಮೇಲೆ ಕೋಪ ಬಂದಿದ್ದು ಹೌದು. ಆದ್ರೆ ಈ ಬೆಂಚ್ ಮೇಲೆ ಕೂತು ಲೆಕ್ಕ ಹಾಕ್ದಾಗ, ಆ ನಾಲ್ಕು ವರ್ಷದಲ್ಲಿ ‘ಸುಸ್ತಾಯ್ತಾ’ ಅಂತ ನಿನ್ನ ಒಂದು ದಿನಾನೂ ಕೇಳಿದ ನೆನಪಿಲ್ಲ.”

ಇಬ್ಬರೂ ಅತ್ತರು. ಸದ್ದಿಲ್ಲದೆ, ದಣಿದವರು ಅಳುವ ಹಾಗೆ.

ವಾರದ ನಂತರ ವರದಿ ಬಂತು. ಅಡಿನೋಮಾವೇ. ಕ್ಯಾನ್ಸರ್ ಇರಲಿಲ್ಲ. ಆದರೆ ಮುಂದೆ ಕ್ಯಾನ್ಸರ್ ಆಗಿ ತಿರುಗಬಹುದಾದ ಜಾತಿಯದು. ಬಿಟ್ಟರೆ ಅಪಾಯ, ಕತ್ತರಿಸಿ ತೆಗೆಯಲೇಬೇಕು ಎಂದರು ಡಾಕ್ಟರಮ್ಮ. ಸೋರಿದ ರಕ್ತ ಒಣಗಲೆಂದು ಎರಡು ತಿಂಗಳು ಕಾದರು. ಆ ಎರಡು ತಿಂಗಳು ಅವನು ಬೆಳಗಿನ ಡ್ಯೂಟಿ ಮುಗಿಸಿ ನೇರ ಮನೆಗೆ ಬಂದ. ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಿದ, ಅನ್ನ ಸೀಯಿಸಿದ, ಅವಳು ಏಳಹೋದರೆ ಗದರಿದ.

ಶಸ್ತ್ರಚಿಕಿತ್ಸೆ ಐದು ಗಂಟೆ ಹಿಡಿಯಿತು. ಲಿವರ್‌ನ ಒಂದು ಭಾಗ ಗಡ್ಡೆಯ ಜೊತೆ ಹೋಯಿತು. ಉಳಿದದ್ದು ತಾನಾಗಿಯೇ ಬೆಳೆದುಕೊಳ್ಳುತ್ತದಂತೆ.

ಅವಳು ಕಣ್ಣು ಬಿಟ್ಟಾಗ ಅವನು ಹಾಸಿಗೆಯ ಅಂಚಿನಲ್ಲಿದ್ದ.

“ಎಲ್ಲ ತೆಗೆದ್ರಂತೆ. ಚೆನ್ನಾಗಾಯ್ತಂತೆ.”

“ಮಗು ವಿಷಯ...” ಎಂದಳು.

“ಅದು ಆಮೇಲೆ. ಬೇಕು ಅನ್ನಿಸಿದ್ರೂ ನಂಗೆ ಹೇಳು, ಬೇಡ ಅನ್ನಿಸಿದ್ರೂ ನಂಗೇ ಹೇಳು. ಅಷ್ಟು ಸಾಕು.”

“ಇನ್ನೂ ಕೋಪ ಇದೆಯಾ ರೀ?”

“ಇದೆ, ಸ್ವಲ್ಪ. ನೀನು ಎದ್ದು ಓಡಾಡೋ ಹಾಗಾಗು, ಬಾಯ್ತುಂಬ ಜಗಳ ಆಡೋಣ. ಅಕ್ಕಪಕ್ಕದವರು ಬಂದು ಬಿಡಿಸ್ಬೇಕು, ಹಾಗೆ!”

“ನಗಿಸ್ಬೇಡ್ರೀ... ಹೊಲಿಗೆ ಎಳೀತಿದೆ!”

“ಹೂಂ, ಸುಮ್ನಿರ್ತೀನಿ.”

“ಸುಮ್ನಿರೋದೂ ಬೇಡ,” ಎಂದು ಅವಳು ಅವನ ತೋಳು ಹಿಡಿದುಕೊಂಡಳು. “ಮಾತಾಡ್ತಾನೇ ಇರಿ.”